ಹಸಿರು ಕಂಡಿದ್ದೆಲ್ಲ ಆರೋಗ್ಯ ಅಲ್ಲ: ಗಾಲ್ಫ್ ಮೈದಾನದವರಿಂದ ನಾನು ಕಲಿತ ನೀರಿನ ಲೆಕ್ಕ

ಗೆಳೆಯರೇ, ಈ ವಾರ ಕೀಟ, ರೋಗ, ಮಾರುಕಟ್ಟೆ ರೇಟು ಎಲ್ಲ ಪಕ್ಕಕ್ಕಿಟ್ಟು ಒಂದು ಆಟದ ಬಗ್ಗೆ ಬರೀತಿದ್ದೀನಿ. ಆಟ ಅಂದ್ರೆ ಕ್ರಿಕೆಟ್ ಅಲ್ಲ, ಗಾಲ್ಫ್. "ಇವನಿಗೇನಾಯ್ತು, ಶ್ರೀಮಂತರ ಆಟ ಕಟ್ಕೊಂಡು ನಮಗೇನು" ಅಂತ ಪೇಜ್ ಮುಚ್ಚಬೇಡಿ. ನಾನೂ ಜೀವನದಲ್ಲಿ ಒಮ್ಮೆಯೂ ಗಾಲ್ಫ್ ಆಡಿಲ್ಲ. ಆದ್ರೆ ತೋಟಗಾರಿಕೆ ಓದುವಾಗ ಹುಲ್ಲುಹಾಸಿನ ಬಗ್ಗೆ ಒಂದು ಪಾಠ ಇತ್ತು. ಪರೀಕ್ಷೆಗೆ ಓದಿ ಮರೆತಿದ್ದೆ. ಆಮೇಲೆ ಸ್ವಂತ ತೋಟದಲ್ಲಿ ನೀರು ಜಾಸ್ತಿ ಕೊಟ್ಟು ಗಿಡ ಕಳ್ಕೊಂಡಾಗ ಆ ಪಾಠ ನೆನಪಾಗಿ, ರಾತ್ರಿ ಹೊತ್ತು ಫೋನಲ್ಲಿ ದೊಡ್ಡ ಗಾಲ್ಫ್ ಪಂದ್ಯಗಳ ಮೈದಾನ ಹೇಗೆ ಸಿದ್ಧ ಮಾಡ್ತಾರೆ ಅಂತ ಹುಡುಕಿ ಓದೋಕೆ ಶುರು ಮಾಡಿದೆ. ಆಟ ಇವತ್ತಿಗೂ ಪೂರ್ತಿ ಅರ್ಥ ಆಗಿಲ್ಲ. ನೆಲ ಮಾತ್ರ ಅರ್ಥ ಆಯ್ತು.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಆ ಮೈದಾನದವರು ನೆಲ ಆರಿಸೋ ರೀತಿ, ನೀರು ಅಳೆಯೋ ರೀತಿ ನಾವು ಕಲಿಯಬೇಕು. ಆ ಒಂದು ವಾರ ಟಿವಿಯಲ್ಲಿ ಕಾಣೋ ಹಸಿರನ್ನ ಮಾತ್ರ ಕಲಿಯಬಾರದು.

ನೆಲ ಯಾವುದು ಅಂತ ಹತ್ತಾರು ವರ್ಷ ಮೊದಲೇ ನಿರ್ಧಾರ

ಗಂಡಸರ ಗಾಲ್ಫಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯ. ಏಪ್ರಿಲ್‌ನಲ್ಲಿ ಮಾಸ್ಟರ್ಸ್, ಮೇನಲ್ಲಿ ಪಿಜಿಎ ಚಾಂಪಿಯನ್‌ಶಿಪ್, ಜೂನ್‌ನಲ್ಲಿ ಯುಎಸ್ ಓಪನ್, ಜುಲೈನಲ್ಲಿ ಬ್ರಿಟನ್ನಿನ ದಿ ಓಪನ್. ಇದರಲ್ಲಿ ಮಾಸ್ಟರ್ಸ್ ಒಂದೇ ಪ್ರತಿ ವರ್ಷ ಅದೇ ಜಾಗದಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ನಡೆಯುತ್ತೆ. ಉಳಿದ ಮೂರೂ ಊರೂರು ತಿರುಗುತ್ತವೆ.

ದಿ ಓಪನ್ ನಡೆಸೋರು ಸಮುದ್ರ ದಡದ ಮರಳು ನೆಲ ಬಿಟ್ಟು ಬೇರೆ ಕಡೆ ಹೋಗೋದೇ ಇಲ್ಲ. ಅಂಥ ನೆಲಕ್ಕೆ ಅಲ್ಲಿ ಲಿಂಕ್ಸ್ ಅಂತಾರೆ. ಮಳೆ ಬಿದ್ರೆ ನೀರು ಬೇಗ ಇಂಗುತ್ತೆ, ನೆಲ ಗಟ್ಟಿಯಾಗೇ ಇರುತ್ತೆ, ಗಾಳಿ ಸದಾ ಬೀಸುತ್ತೆ. ಯುಎಸ್ ಓಪನ್ ನಡೆಸೋ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ, ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್‌ಗೆ 2024ರ ಪಂದ್ಯ ಕೊಟ್ಟಿದ್ದಷ್ಟೇ ಅಲ್ಲ, 2029, 2035, 2041, 2047ರ ಪಂದ್ಯಗಳನ್ನೂ ಈಗಲೇ ಬರೆದುಕೊಟ್ಟಿದೆ. ಪಂದ್ಯ ನಾಲ್ಕೇ ದಿನ. ತಯಾರಿ ಇಪ್ಪತ್ತು ವರ್ಷ ಮುಂಚೆ.

ಬರೀ ಮಣ್ಣು ನೋಡಿ ಆರಿಸ್ತಾರೆ ಅಂದ್ಕೋಬೇಡಿ. ಜನ ಎಲ್ಲಿ ನಿಲ್ತಾರೆ, ಗಾಡಿ ಎಲ್ಲಿ ನಿಲ್ಸೋದು, ರೈಲು ಇದೆಯಾ, ಡೇರೆ ಹಾಕೋಕೆ ಜಾಗ ಇದೆಯಾ, ಎಲ್ಲ ಲೆಕ್ಕಕ್ಕೆ ಬರುತ್ತೆ. ಉತ್ತರ ಐರ್ಲೆಂಡಿನ ರಾಯಲ್ ಪೋರ್ಟ್‌ರಶ್ ಕ್ಲಬ್ಬಲ್ಲಿ 1951ರಲ್ಲಿ ದಿ ಓಪನ್ ಆಗಿತ್ತು. ಮತ್ತೆ ಬಂದಿದ್ದು 2019ರಲ್ಲಿ, 68 ವರ್ಷ ಆದ್ಮೇಲೆ. ಅದಕ್ಕೋಸ್ಕರ ಹಳೇ 17 ಮತ್ತು 18ನೇ ಹೋಲ್‌ಗಳನ್ನೇ ಕೈಬಿಟ್ಟು ಆ ಜಾಗವನ್ನ ಜನರ ಡೇರೆಗಳಿಗೆ ಕೊಟ್ರು. ಬದಲಿಗೆ ಪಕ್ಕದ ಮರಳು ದಿಬ್ಬದಲ್ಲಿ ಎರಡು ಹೊಸ ಹೋಲ್ ಕಟ್ಟಿದ್ರು. ಆ ವಾರ ಬಂದ ಜನ 2,37,750. ದೊಡ್ಡ ಜಾತ್ರೆ ಅನ್ನಿ. ತೇರು ಎಷ್ಟೇ ಚೆನ್ನಾಗಿದ್ರೂ ಬೀದಿ ಅಗಲ ಇಲ್ದಿದ್ರೆ ಎಳೆಯೋಕಾಗಲ್ಲ ಅಂತ ಅವರಿಗೆ ಗೊತ್ತು.

ಅವಸರ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ ಮೈದಾನ ಮೊದಲು ಮರಳು-ಜಲ್ಲಿ ತೆಗೆಯೋ ಕ್ವಾರಿ. 2007ರಲ್ಲಿ ಗಾಲ್ಫ್ ಮೈದಾನ ಆಗಿ ಶುರುವಾಯ್ತು. ಒಂದು ವರ್ಷ ತುಂಬೋ ಮೊದಲೇ 2015ರ ಯುಎಸ್ ಓಪನ್ ಕೊಟ್ಬಿಟ್ರು. ಅಲ್ಲಿ ಹಾಕಿದ್ದು ಫೆಸ್ಕ್ಯೂ ಅನ್ನೋ ಸಣ್ಣ ಎಲೆಯ ಹುಲ್ಲು. ಪಂದ್ಯದ ಹೊತ್ತಿಗೆ ಅದರ ನಡುವೆ ಪೋವಾ ಆನ್ಯುವಾ ಅನ್ನೋ ಕಳೆಹುಲ್ಲು ತೇಪೆ ತೇಪೆಯಾಗಿ ಸೇರಿಕೊಂಡಿತ್ತು. ಎರಡೂ ಹುಲ್ಲು ಒಂದೇ ವೇಗದಲ್ಲಿ ಬೆಳೆಯಲ್ಲ. ಚೆಂಡು ಕುಪ್ಪಳಿಸ್ತಾ ಹೋಗ್ತಿತ್ತು, ಆಟಗಾರರು ಬಾಯಿಬಿಟ್ಟು ಬೈದ್ರು. ಕೊನೆಗೆ ಆ ಕ್ಲಬ್ಬಿನೋರು ಗ್ರೀನ್‌ಗಳಿಗೆ ಆ ಕಳೆಹುಲ್ಲನ್ನೇ ಹಾಕಿಕೊಂಡ್ರು!

ತಮಾಷೆ ಏನು ಅಂದ್ರೆ, ಪೆನ್ಸಿಲ್ವೇನಿಯಾದ ಓಕ್‌ಮಾಂಟ್ ಅಂತ ಇನ್ನೊಂದು ಪ್ರಸಿದ್ಧ ಮೈದಾನ ಇದೆ. ಅಲ್ಲಿನ ಗ್ರೀನ್‌ಗಳು ಇದೇ ಪೋವಾ ಹುಲ್ಲಿನವು. ಒಂದು ಕಡೆ ಕಳೆ ಆಗಿರೋದು ಇನ್ನೊಂದು ಕಡೆ ಬೆಳೆ. ನಮಗೆ ಇದು ಹೊಸದಲ್ಲ. ಮಾವಿನ ತೋಟದಲ್ಲಿ ಕಿತ್ತು ಬಿಸಾಕೋ ಗರಿಕೆಯನ್ನೇ ಗಣಪತಿ ಪೂಜೆಗೆ ಅಂತ ಪೇಟೆಯಲ್ಲಿ ಕಟ್ಟು ಕಟ್ಟಿ ಮಾರ್ತಾರಲ್ಲ.

ಅಂದ ಹಾಗೆ, ಆ ಹುಲ್ಲು ನಮ್ಮ ಗರಿಕೆಯೇ

ಅಮೆರಿಕದವರು ಬರ್ಮುಡಾ ಗ್ರಾಸ್ ಅನ್ನೋದು ಬೇರೇನೂ ಅಲ್ಲ, ನಮ್ಮ ಬದುವಿನ ಗರಿಕೆ. ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅದನ್ನ ಆಫ್ರಿಕಾದ ಒಂದು ದಾಯಾದಿ ಹುಲ್ಲಿನ ಜೊತೆ ಸಂಕರ ಮಾಡಿ ತೆಗೆದ ಗಿಡ್ಡ ತಳಿಗಳು ಬಿಸಿ ಪ್ರದೇಶದ ಮೈದಾನಗಳಲ್ಲಿವೆ. 2024ರಲ್ಲಿ ಯುಎಸ್ ಓಪನ್ ನಡೆದ ಪೈನ್‌ಹರ್ಸ್ಟ್ ಗ್ರೀನ್‌ಗಳ ಮೇಲಿದ್ದದ್ದು ಇಂಥದ್ದೇ ಒಂದು ಕುಳ್ಳ ಗರಿಕೆ. ಎಡೆಕುಂಟೆ ಹೊಡೆದು, ಕೈಯಲ್ಲಿ ಕಿತ್ತು, ಮತ್ತೆ ಮೂರು ದಿನಕ್ಕೆ ಚಿಗುರಿದ್ದನ್ನ ನೋಡಿ ನಾವು ಶಾಪ ಹಾಕ್ತೀವಿ. ಅವರು ಅದನ್ನೇ ಮೂರು ಮಿಲಿಮೀಟರ್ ಆಸುಪಾಸಿಗೆ ಕತ್ತರಿಸಿ, ಅದರ ಮೇಲೆ ಕೋಟಿಗಟ್ಟಲೆ ಬಹುಮಾನದ ಪಂದ್ಯ ಆಡಿಸ್ತಾರೆ. ಗರಿಕೆ ಒಣಗಿ ಕಂದು ಆದ್ರೂ ಸಾಯಲ್ಲ, ನೀರು ಬಿದ್ರೆ ಎದ್ದು ಬರುತ್ತೆ ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು. ಮುಂದಿನ ಮಾತಿಗೆ ಇದೇ ಆಧಾರ, ಮನಸ್ಸಲ್ಲಿಟ್ಕೊಳ್ಳಿ.

ಕಣ್ಣಳತೆ ಸಾಲದು

1935ರಲ್ಲಿ ಓಕ್‌ಮಾಂಟಲ್ಲಿ ಯುಎಸ್ ಓಪನ್ ನಡೀತು. ನೋಡೋಕೆ ಹೋಗಿದ್ದ ಎಡ್ವರ್ಡ್ ಸ್ಟಿಂಪ್ಸನ್ ಅನ್ನೋರಿಗೆ, ಗ್ರೀನ್ ಇಷ್ಟು ಜಾರೋದು ನ್ಯಾಯವಾ ಅಂತ ಅನುಮಾನ ಬಂತು. ಬಾಯಲ್ಲಿ ವಾದ ಮಾಡೋ ಬದಲು ಅಳೆಯೋಕೆ ಒಂದು ಮರದ ಪಟ್ಟಿ ಮಾಡಿದ್ರು. ಈಗ ಅದು 36 ಇಂಚಿನ ಅಲ್ಯೂಮಿನಿಯಂ ಪಟ್ಟಿ. ನಡುವೆ ಒಂದು ಕಾಲುವೆ, ಒಂದು ತುದಿ ಹತ್ರ ಚೆಂಡು ಕೂರೋಕೆ ಗುಳಿ. ಆ ತುದಿಯನ್ನ ನಿಧಾನ ಎತ್ತಿದ್ರೆ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗೇ ಉರುಳುತ್ತೆ. ಎಷ್ಟು ಅಡಿ ಹೋಯ್ತು ಅಂತ ಅಳೀತಾರೆ, ಮತ್ತೆ ವಿರುದ್ಧ ದಿಕ್ಕಲ್ಲಿ ಉರುಳಿಸಿ ಸರಾಸರಿ ತೆಗೀತಾರೆ. ಇಷ್ಟೇ ಸ್ಟಿಂಪ್‌ಮೀಟರ್. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ.

ಈ ಪಟ್ಟಿಯನ್ನ ಯುಎಸ್‌ಜಿಎ 1978ರಲ್ಲಿ ಎಲ್ಲ ಮೈದಾನಗಳಿಗೆ ಹಂಚಿತು. ಉದ್ದೇಶ ಒಂದೇ: ಒಂದು ಮೈದಾನದ 18 ಗ್ರೀನೂ ಒಂದೇ ಹದದಲ್ಲಿದೆಯಾ ಅಂತ ನೋಡೋದು. ಆದ್ರೆ ಆಗಿದ್ದೇನು? ಕ್ಲಬ್ಬುಗಳು ಪೈಪೋಟಿಗೆ ಬಿದ್ದವು. "ನಿಮ್ಮದು 10 ಅಡಿನಾ? ನಮ್ಮದು 12!" ಆ ಸಂಖ್ಯೆಗೋಸ್ಕರ ಹುಲ್ಲನ್ನ ಇನ್ನೂ ತಗ್ಗಿಸಿ ಕತ್ತರಿಸೋಕೆ ಶುರು ಮಾಡಿದ್ರು. ತಗ್ಗಿಸಿದಷ್ಟೂ ಎಲೆ ಕಮ್ಮಿ, ಎಲೆ ಕಮ್ಮಿ ಆದಷ್ಟೂ ಬೇರು ಕಮ್ಮಿ, ಬೇರು ಕಮ್ಮಿ ಆದಷ್ಟೂ ರೋಗ ಜಾಸ್ತಿ, ಔಷಧಿ ಜಾಸ್ತಿ. ಸಮ ಇದೆಯಾ ನೋಡೋಕೆ ಮಾಡಿದ ಅಳತೆ ಮೇಲಾಟದ ಅಳತೆ ಆಯ್ತು.

ಇದು ಓದಿದಾಗ ನನಗೆ ನೆನಪಾಗಿದ್ದು ನಮ್ಮ ರೀಲ್ಸು. "ಎಕರೆಗೆ ಇಷ್ಟು ಟನ್" ಅಂತ ದೊಡ್ಡ ಅಕ್ಷರದ ಥಂಬ್‌ನೇಲ್ ನೋಡಿ ನಾವೂ ಅದೇ ಸಂಖ್ಯೆ ಹಿಂದೆ ಓಡ್ತೀವಿ. ಆ ಇಳುವರಿಗೆ ಎಷ್ಟು ಖರ್ಚಾಯ್ತು, ಮುಂದಿನ ವರ್ಷ ಆ ನೆಲ ಹೇಗಿತ್ತು ಅಂತ ವಿಡಿಯೋದಲ್ಲಿ ಹೇಳಲ್ಲ. ಇಳುವರಿ ಅಳೀರಿ, ತಪ್ಪಲ್ಲ. ನಿಮ್ಮ ಹೋದ ವರ್ಷದ ಜೊತೆ ಅಳೀರಿ, ನಿಮ್ಮ ಹೊಲದ ಈ ಮೂಲೆಯನ್ನ ಆ ಮೂಲೆ ಜೊತೆ ಅಳೀರಿ.

ನೀರು ಹಿಡಿದಿಡೋ ಕಲೆ

ದೊಡ್ಡ ಪಂದ್ಯಕ್ಕೆ ನೆಲ ಗಟ್ಟಿ ಇರಬೇಕು. ಚೆಂಡು ಬಿದ್ದಲ್ಲೇ ನಿಂತ್ರೆ ಆಟ ಸುಲಭ. ಹಾಗಾಗಿ ಪಂದ್ಯ ಹತ್ರ ಬಂದಂತೆ ನೀರು ಕಮ್ಮಿ ಮಾಡ್ತಾ ಬರ್ತಾರೆ. ಎಷ್ಟು ಕಮ್ಮಿ? ಹುಲ್ಲು ಸಾಯೋಕೆ ಸ್ವಲ್ಪ ಮುಂಚಿನವರೆಗೆ. ಇದನ್ನ ಅಂದಾಜಲ್ಲಿ ಮಾಡಲ್ಲ. ಎರಡು ಲೋಹದ ಕಡ್ಡಿ ಇರೋ ತೇವಮಾಪಕವನ್ನ ಒಂದೊಂದು ಗ್ರೀನಲ್ಲೂ ಹಲವು ಕಡೆ ಚುಚ್ಚಿ, ಮಣ್ಣಲ್ಲಿ ಶೇಕಡಾ ಎಷ್ಟು ನೀರಿದೆ ಅಂತ ಬರ್ಕೊಳ್ತಾರೆ. ಎಲ್ಲಿ ಕಮ್ಮಿ ಬಂತೋ ಅಲ್ಲಿಗೆ ಮಾತ್ರ ಪೈಪು ಹಿಡಿದು ಕೈಯಾರೆ ನೀರು ಹಾಕ್ತಾರೆ. ಸ್ಪ್ರಿಂಕ್ಲರ್ ಇದ್ರೂ ಕೈಯಲ್ಲೇ!

ಇಷ್ಟೆಲ್ಲ ಅಳತೆ ಇದ್ರೂ ತಪ್ಪಾಗುತ್ತೆ. ನ್ಯೂಯಾರ್ಕ್ ರಾಜ್ಯದ ಶಿನೆಕಾಕ್ ಹಿಲ್ಸ್‌ನಲ್ಲಿ 2004ರ ಯುಎಸ್ ಓಪನ್ ಕೊನೇ ದಿನ ಏಳನೇ ಗ್ರೀನ್ ಎಷ್ಟು ಒಣಗಿತ್ತು ಅಂದ್ರೆ ಚೆಂಡು ನಿಲ್ತಾನೇ ಇರ್ಲಿಲ್ಲ. ಆಟ ನಡೀತಿರೋವಾಗಲೇ, ಒಂದು ಗುಂಪು ಹೋಗಿ ಇನ್ನೊಂದು ಬರೋದ್ರೊಳಗೆ ನೀರು ಚಿಮುಕಿಸಬೇಕಾಯ್ತು. 14 ವರ್ಷ ಆದ್ಮೇಲೆ, 2018ರಲ್ಲಿ ಅದೇ ಮೈದಾನಕ್ಕೆ ಪಂದ್ಯ ಬಂತು. ಈ ಸಲ ಎಚ್ಚರಿಕೆಯಿಂದ ಇರ್ತೀವಿ ಅಂದಿದ್ರು. ಮೂರನೇ ದಿನ ಮಧ್ಯಾಹ್ನ ಗಾಳಿ ಅಂದಾಜಿಗಿಂತ ಜೋರಾಯ್ತು. ಬೆಳಗ್ಗೆ ಆಡಿದ ಡೇನಿಯಲ್ ಬರ್ಗರ್, ಟೋನಿ ಫಿನೌ ತಲಾ 66 ಹೊಡೆತದಲ್ಲಿ ಮುಗಿಸಿದ್ರು. ಮಧ್ಯಾಹ್ನ ಆಡಿದ, ಅಲ್ಲಿವರೆಗೆ ಮುಂದಿದ್ದ ಡಸ್ಟಿನ್ ಜಾನ್ಸನ್‌ಗೆ 77 ಬೇಕಾಯ್ತು. ಅದೇ ಹುಲ್ಲು, ಅದೇ ದಿನ, ನಡುವೆ ನಾಲ್ಕೈದು ಗಂಟೆಯ ಬಿಸಿಲು-ಗಾಳಿ. ಸಂಸ್ಥೆಯ ಮುಖ್ಯಸ್ಥರು ಅತಿಯಾಯ್ತು ಅಂತ ಒಪ್ಪಿಕೊಂಡ್ರು, ರಾತ್ರಿ ನೀರು ಕೊಟ್ರು.

ನನಗೆ ಇದರಲ್ಲಿ ಎರಡು ಪಾಠ ಕಂಡಿತು. ಗಾಳಿಯನ್ನ ಲೆಕ್ಕಕ್ಕೆ ತಗೊಳ್ಳದ ನೀರಿನ ಲೆಕ್ಕ ಅರ್ಧ ಲೆಕ್ಕ. ಫೋನಲ್ಲಿ ಮಳೆ ನೋಡ್ತೀವಿ, ಗಾಳಿ ವೇಗ ಎಷ್ಟು ಜನ ನೋಡ್ತೀವಿ? ಎರಡನೇದು, ಅಂಚಿಗೆ ತಂದು ನಿಲ್ಸೋ ಆಟ ನಾವು ಆಡಬಾರದು. ಅವರು ತಪ್ಪಿದ್ರೆ ಒಂದು ದಿನ ಬೈಸ್ಕೊಳ್ತಾರೆ. ನಾವು ತಪ್ಪಿದ್ರೆ ಸಾಲ ಉಳಿಯುತ್ತೆ.

ಕಂದು ಬಣ್ಣಕ್ಕೆ ಹೆದರದವರು

ನನಗೆ ತುಂಬಾ ಇಷ್ಟವಾದ ಕಥೆ ಪೈನ್‌ಹರ್ಸ್ಟ್ ಎರಡನೇ ನಂಬರ್ ಮೈದಾನದ್ದು. ಡೊನಾಲ್ಡ್ ರಾಸ್ ಕಟ್ಟಿದ ಹಳೇ ಮೈದಾನ, ಮರಳು ನೆಲ. ಕಾಲ ಕಳೆದಂತೆ ಅಲ್ಲೂ ಅಂಚಿಂದ ಅಂಚಿಗೆ ಹಸಿರು ಹುಲ್ಲು ಹಬ್ಬಿಸಿ, ಎಲ್ಲ ಕಡೆ ನೀರು ಹೊಡೀತಿದ್ರು. 2010-11ರಲ್ಲಿ ಬಿಲ್ ಕೂರ್, ಬೆನ್ ಕ್ರೆನ್‌ಶಾ ಅನ್ನೋ ಇಬ್ಬರು ಬಂದು ಅದನ್ನ ಹಳೇ ರೂಪಕ್ಕೆ ತಿರುಗಿಸಿದ್ರು. ಸುಮಾರು 35 ಎಕರೆ ಹುಲ್ಲು ಕಿತ್ತು ಹಾಕಿದ್ರು. ಆ ಜಾಗದಲ್ಲಿ ಬರೀ ಮರಳು, ಪೈನ್ ಎಲೆಯ ತರಗು, ಅಲ್ಲಿನದೇ ಒರಟು ತಂತಿಹುಲ್ಲಿನ ಲಕ್ಷಕ್ಕೂ ಹೆಚ್ಚು ಗಿಡ. ಸುಮಾರು 1,150 ಇದ್ದ ಸ್ಪ್ರಿಂಕ್ಲರ್ ತಲೆಗಳು 450ರ ಹತ್ರ ಇಳಿದವು. ನಡುವೆ ಒಂದೇ ಸಾಲು ಸ್ಪ್ರಿಂಕ್ಲರ್. ನೀರು ತಲುಪಿದಷ್ಟು ದೂರ ಹಸಿರು, ಆಮೇಲೆ ಮೆಲ್ಲಗೆ ಹಳದಿ, ಆಮೇಲೆ ಕಂದು.

2014ರಲ್ಲಿ ಇಲ್ಲೇ ಗಂಡಸರ ಯುಎಸ್ ಓಪನ್, ಮರುವಾರವೇ ಹೆಂಗಸರ ಯುಎಸ್ ಓಪನ್ ನಡೆದವು. ಮಾರ್ಟಿನ್ ಕೈಮರ್, ಮಿಶೆಲ್ ವೀ ಗೆದ್ರು. ಟಿವಿ ನೋಡಿದ ಎಷ್ಟೋ ಜನ "ಇದೇನು ಒಣಗಿ ಹೋಗಿದೆ" ಅಂದ್ರು. ಹತ್ತು ವರ್ಷ ಬಿಟ್ಟು ಅದೇ ನೆಲಕ್ಕೆ ಪಂದ್ಯ ವಾಪಸ್ ಬಂತು, ಮುಂದಿನ ನಾಲ್ಕು ಪಂದ್ಯಕ್ಕೂ ಹೆಸರು ಬಿತ್ತು. ಇಂಗ್ಲೆಂಡಿನ ಹಾಯ್‌ಲೇಕಲ್ಲೂ ಹಾಗೇ. 2006ರ ಬೇಸಿಗೆಯಲ್ಲಿ ನೆಲ ಒಣಗಿ ಚಪಾತಿ ಬಣ್ಣ ಆಗಿತ್ತು. ಚೆಂಡು ಅಷ್ಟು ದೂರ ಉರುಳ್ತಿದ್ದ ನೆಲದಲ್ಲಿ ಟೈಗರ್ ವುಡ್ಸ್ ಇಡೀ ವಾರ ಅತಿ ಉದ್ದದ ಕೋಲನ್ನ ಒಂದೇ ಸಲ ಬಳಸಿ ಗೆದ್ದ. ನೆಲ ಇದ್ದ ಹಾಗೆ ಆಟ ಬದಲಾಯಿಸಿದ, ಆಟಕ್ಕೋಸ್ಕರ ನೆಲಕ್ಕೆ ನೀರು ಸುರೀರಿ ಅನ್ಲಿಲ್ಲ.

ಅಗಸ್ಟಾದ ಹಸಿರು, ನನ್ನ ದಾಳಿಂಬೆ

ಇನ್ನು ಅಗಸ್ಟಾ. ನಮ್ಮಂಥವರಿಗೆ ಇದು ವಿಶೇಷ ಜಾಗ, ಯಾಕಂದ್ರೆ ಅದು ಮೊದಲು ಒಂದು ನರ್ಸರಿ. ಬರ್ಕ್‌ಮನ್ಸ್ ಮನೆತನದ ಫ್ರೂಟ್‌ಲ್ಯಾಂಡ್ ನರ್ಸರಿ ಜಾಗವನ್ನ 1931ರಲ್ಲಿ ಕೊಂಡು ಮೈದಾನ ಮಾಡಿದ್ರು, 1934ರಿಂದ ಪಂದ್ಯ ನಡೀತಿದೆ. 18 ಹೋಲ್‌ಗೂ ಗಿಡಗಳ ಹೆಸರು: ಮ್ಯಾಗ್ನೋಲಿಯಾ, ಕ್ಯಾಮೆಲಿಯಾ, ಅಜೇಲಿಯಾ, ಹೂಬಿಡೋ ಪೀಚ್ ಹೀಗೆ. ಏಪ್ರಿಲ್‌ನಲ್ಲಿ ಟಿವಿಯಲ್ಲಿ ನೋಡಿದ್ರೆ ಒಂದು ಹಳದಿ ಎಲೆ ಕಾಣಲ್ಲ.

ಆ ಹಸಿರಿನ ಹಿಂದೆ ಏನಿದೆ ಗೊತ್ತಾ? ಅಲ್ಲಿ ಬೇಸಿಗೆಯಲ್ಲಿ ಇರೋದು ಗರಿಕೆ. ಚಳಿಗೆ ಅದು ಕಂದು ಆಗುತ್ತೆ ಅಂತ ಪ್ರತಿ ವರ್ಷ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತಿ ಹೊಸ ಹಸಿರು ಎಬ್ಬಿಸ್ತಾರೆ. ಗ್ರೀನ್‌ಗಳ ಕೆಳಗೆ ಪೈಪು ಹೂತು, ಯಂತ್ರದಿಂದ ಮಣ್ಣಿನ ತೇವ ಎಳೆಯೋ, ಗಾಳಿ ಆಡಿಸೋ ವ್ಯವಸ್ಥೆ ಇದೆ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಕ್ಲಬ್ಬೇ ಮುಚ್ಚಿರುತ್ತೆ. ಇಷ್ಟು ದುಡ್ಡು, ಇಷ್ಟು ಬಿಡುವು ಇಲ್ಲದ ಸಾಮಾನ್ಯ ಮೈದಾನದವರು ಟಿವಿ ನೋಡಿ "ನಮಗೂ ಹಾಗೇ ಬೇಕು" ಅಂತ ನೀರು, ಗೊಬ್ಬರ, ಔಷಧಿ ಸುರಿದು ಕೆಟ್ರು. ಇದಕ್ಕೆ ಹುಲ್ಲಿನ ತಜ್ಞರು ಇಟ್ಟ ಹೆಸರೇ "ಅಗಸ್ಟಾ ಸಿಂಡ್ರೋಮ್".

ಈ ರೋಗ ನನಗೂ ಬಂದಿತ್ತು. ಡಿಗ್ರಿ ಮುಗಿಸಿ ಊರಿಗೆ ಬಂದ ಹೊಸತರಲ್ಲಿ ಎರಡು ಎಕರೆ ದಾಳಿಂಬೆ ಹಾಕಿದ್ದೆ. ತ್ರೀ ಫೇಸ್ ಕರೆಂಟು ಬಂದಾಗೆಲ್ಲ ಡ್ರಿಪ್ ಬಿಡೋದು. ಇದೆಯಲ್ಲ ಕರೆಂಟು, ಬಿಡೋಣ ಅಂತ. ಗಿಡ ಕಡು ಹಸಿರು, ನೋಡಿದವರೆಲ್ಲ ಹೊಗಳೋರು, ನಾನು ಫೋಟೋ ತೆಗೆದು ಸ್ಟೇಟಸ್ ಹಾಕೋನು. ಅಪ್ಪ ಮಾತ್ರ "ಮಣ್ಣು ಮುಟ್ಟಿ ನೋಡಿದ್ಯೇನೋ?" ಅಂತ ಕೇಳೋರು. ನಾನು ಓದಿದವನು, ಯಾಕೆ ಕೇಳ್ತೀನಿ. ಕೆಳಗೆ ಜೇಡಿ ಇತ್ತು, ನೀರು ಬಸಿದು ಹೋಗ್ತಿರ್ಲಿಲ್ಲ. ಎರಡನೇ ವರ್ಷ ಸೊರಗು ರೋಗ ಕಾಣಿಸ್ತು. ಒಂದೊಂದೇ ಕೊಂಬೆ ಬಾಡಿ, ಒಂದು ಸಾಲು ಹೋಗಿ, ಮೂರು ಸಾಲು ಹೋಗಿ, ಕೊನೆಗೆ ಮೂರರಲ್ಲಿ ಒಂದು ಪಾಲು ಗಿಡ ಕಿತ್ತು ಸುಟ್ಟೆ. ಆ ದಿನ ಅಪ್ಪ ಏನೂ ಅನ್ನಲಿಲ್ಲ, ಗುದ್ದಲಿ ತಂದು ಕೊಟ್ರು. ಈಗ ಆ ಜಾಗದಲ್ಲಿ ಬಸಿಗಾಲುವೆ ತೆಗೆದು, ಮುಚ್ಚಿಗೆ ಹಾಕಿ, ಸೀಬೆ ಬೆಳೆದಿದ್ದೀನಿ.

ಹಾಗಂತ ಗಾಲ್ಫ್ ಪರವಾಗಿ ಬರೀತಿಲ್ಲ

ಸಾವಯವದವನಾಗಿ ನನಗೆ ತಕರಾರಿದೆ. ದೊಡ್ಡ ಪಂದ್ಯದ ಹುಲ್ಲಿಗೆ ಶಿಲೀಂಧ್ರನಾಶಕ ಬೇಕು, ಬೆಳವಣಿಗೆ ತಡೆಯೋ ರಾಸಾಯನಿಕ ಬೇಕು. ತಿನ್ನದ ಬೆಳೆಗೆ ಇಷ್ಟು ನೀರು, ಇಷ್ಟು ಔಷಧಿ ಯಾಕೆ ಅಂತ ಕೇಳೋ ಹಕ್ಕು ಯಾವ ರೈತನಿಗೂ ಇದೆ. ಔಷಧಿ ಇಲ್ದೆ ಆಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ 2002ರಿಂದ ಒಂದು ಕ್ಲಬ್ಬು ಸಾವಯವ ರೀತಿಯಲ್ಲೇ ಮೈದಾನ ನಡೆಸ್ತಿದೆ. ಆದ್ರೆ ಅಲ್ಲಿ ದೊಡ್ಡ ಪಂದ್ಯ ನಡೆದಿಲ್ಲ. ದೊಡ್ಡ ಪಂದ್ಯದ ನುಣುಪು ಬೇಕಂದ್ರೆ ನೆಲವನ್ನ ಅಂಚಿಗೆ ತಳ್ಳಬೇಕು, ಅಂಚಿಗೆ ತಳ್ಳಿದ್ದನ್ನ ಔಷಧಿಯಿಂದ ಹಿಡೀಬೇಕು. ಪೈನ್‌ಹರ್ಸ್ಟ್ ಕಡಿಮೆ ನೀರಲ್ಲಿ ಮಾಡಿ ತೋರಿಸಿದ್ದು ಅರ್ಧ ದಾರಿ. ಇನ್ನರ್ಧ ಬಾಕಿ ಇದೆ.

ಆದ್ರೂ ವಿರೋಧಿಸೋರಿಂದ ಕಲಿಯೋದು ಕಲಿಯಬೇಕು. ಈ ವಾರ ನೀವು ಮೂರು ಕೆಲಸ ಮಾಡಿ ಅಂತ ನನ್ನ ಕೋರಿಕೆ.

ಒಂದು: ನೀರು ಬಿಡೋ ಮೊದಲು ಅಗೆದು ನೋಡಿ. ಗಿಡದ ಬೇರಿನ ಹತ್ರ, ಡ್ರಿಪ್ಪರಿಂದ ಸ್ವಲ್ಪ ಪಕ್ಕಕ್ಕೆ, ಅರ್ಧ ಅಡಿ ಕೆಳಗಿನ ಮಣ್ಣು ಹಿಡಿಯಷ್ಟು ತಗೊಂಡು ಅಮುಕಿ. ಕೈಗೆ ನೀರು ಅಂಟಿದ್ರೆ ಜಾಸ್ತಿ ಆಗಿದೆ, ವಾಲ್ವ್ ಮುಚ್ಚಿ. ಉಂಡೆ ಕಟ್ಟಿ ಬೆರಳಿಂದ ತಟ್ಟಿದ್ರೆ ಒಡೆದ್ರೆ ಹದ ಇದೆ, ಇವತ್ತು ಬೇಡ. ಉಂಡೆಯೇ ಆಗದಿದ್ರೆ ಕೊಡಿ. ಮರಳು ಮಣ್ಣಲ್ಲಿ ಉಂಡೆ ಸರಿಯಾಗಿ ಕಟ್ಟಲ್ಲ, ಅಲ್ಲಿ ಕೈಗೆ ತಂಪು ತಗಲುತ್ತಾ ನೋಡಿ. ಕೈಲಾದ್ರೆ ಒಂದು ಟೆನ್ಷಿಯೋಮೀಟರ್ ಹಾಕಿ.

ಎರಡು: ಇಡೀ ಹೊಲಕ್ಕೆ ಒಂದೇ ಲೆಕ್ಕ ಬೇಡ. ದಿಬ್ಬ, ತಗ್ಗು, ಮರದ ನೆರಳು ಬೇರೆ ಬೇರೆ ಬರ್ಕೊಳ್ಳಿ. ಫೋನಿನ ನೋಟ್ಸಲ್ಲಿ ವಾರಕ್ಕೆರಡು ಸಲ ಮೂರು ಸಾಲು ಬರೆದ್ರೆ ಸಾಕು.

ಮೂರು: ಹೊಸ ಬೆಳೆ ಹಾಕೋ ಮೊದಲು ಮೂರಡಿ ಗುಂಡಿ ತೆಗೆದು ನೀರು ತುಂಬಿಸಿ, ಎಷ್ಟು ಹೊತ್ತಿಗೆ ಇಂಗುತ್ತೆ ನೋಡಿ. ಮಾರನೇ ದಿನವೂ ನೀರು ನಿಂತಿದ್ರೆ ಬಸಿಗಾಲುವೆ ಮೊದಲು, ಸಸಿ ಆಮೇಲೆ. ಅವರು ನಾಲ್ಕು ದಿನದ ಆಟಕ್ಕೆ ಹತ್ತಾರು ವರ್ಷ ಮುಂಚೆ ನೆಲ ನೋಡ್ತಾರೆ. ಹದಿನೈದು ವರ್ಷ ನಿಲ್ಲೋ ತೋಟಕ್ಕೆ ನಾವು ಒಂದು ವಾರವಾದ್ರೂ ನೋಡಬೇಕು.

ಮೇ ತಿಂಗಳಲ್ಲಿ ನನ್ನ ಸೀಬೆ ತೋಟಕ್ಕೆ ಬಂದ್ರೆ ಸಾಲುಗಳ ನಡುವೆ ಗರಿಕೆ ಕಂದಾಗಿರೋದು ನೋಡ್ತೀರಿ. ಫೋಟೋಗೆ ಚೆನ್ನಾಗಿರಲ್ಲ. ಮುಚ್ಚಿಗೆ ಸರಿಸಿ ಮಣ್ಣು ಮುಟ್ಟಿ ನೋಡಿ, ತಂಪಿರುತ್ತೆ. ನಿಮ್ಮ ಹೊಲದ ಮಣ್ಣು ಹೇಗಿತ್ತು ಅಂತ ನೀವೂ ಬರೆದು ಕಳ್ಸಿ.